‘ಅದು’ ಹೋಗಿ ‘ಅವನು’ ಆದ ಮೇಲೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಎದುರುಮನೆ ಅಜ್ಜಿಗೆ ಬೆಂಗಳೂರಿಂದ ಮಗಳ ಫೋನ್ ಬರುತ್ತದೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತು. ಬೀದಿಗೆಲ್ಲ ಕೇಳುತ್ತದೆ.

“ಅವನು ತಿಂಡಿ ತಿಂದ್ನಾ?”

“ತಿಂದ ಬಿಡವ್ವ. ಅರ್ಧ ಬಿಟ್ಟ.”

“ರಾತ್ರಿ ಮಲಗಿದ್ನಾ?”

“ಎಲ್ಲಿ ಮಲಗ್ತಾನೆ, ಎರಡು ಸಲ ಎದ್ದು ಬಾಗಿಲ ಹತ್ರ ಹೋಗಿದ್ದ.”

“ನೀನು ಬಿಪಿ ಮಾತ್ರೆ ತಗೊಂಡ್ಯಾ?”

ಬಿಪಿ ಮಾತ್ರೆಯ ಸರದಿ ಬರೋದು ಮೂರನೆಯದಾಗಿ. ದಾವಣಗೆರೆಯ ಈ ಬೀದಿಗೆ ಬಂದ ಹೊಸದರಲ್ಲಿ ನಾನು ಮೊಮ್ಮಗ ಅಂದುಕೊಂಡಿದ್ದೆ. ಒಂದು ದಿನ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಕೈಚೀಲ ಮೂಸಿದ. ಲ್ಯಾಬ್ರಡಾರ್. ನೋಡಿ, ನಾನೂ ‘ಮೂಸಿದ’ ಅಂತಲೇ ಬರೆದೆ. ‘ಮೂಸಿತು’ ಅಂತ ಕೈಗೆ ಬರಲೇ ಇಲ್ಲ.

ಕನ್ನಡದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಭಾಷೆಯಲ್ಲಿ ದೇವರಿಗೂ ಮನುಷ್ಯರಿಗೂ ಅವನು, ಅವಳು. ಉಳಿದದ್ದಕ್ಕೆಲ್ಲ ಅದು. ಹಾಲು ಕೊಡೋ ಹಸುವಿಗೆ ಗೌರಿ ಅಂತ ಹೆಸರಿಟ್ಟು ಅರಿಶಿನ ಕುಂಕುಮ ಹಚ್ಚಿದರೂ ಗೌರಿ ಕರು ‘ಹಾಕಿತು’, ‘ಹಾಕಿದಳು’ ಅಲ್ಲ. ಅಷ್ಟೇ ಯಾಕೆ, ಕೈಗೂಸು ಕೂಡ ‘ಅಳ್ತಾ ಇದೆ’. ಹೊಲ ಉತ್ತ ಎತ್ತಿಗೂ ಸಿಗದ ಪಟ್ಟ ಪೇಟೆ ಮನೆಯ ನಾಯಿಗೆ ಒಂದೇ ತಲೆಮಾರಿನಲ್ಲಿ ಸಿಕ್ಕಿದೆ. ಹೆಸರೂ ಬದಲಾಗಿದೆ. ಕರಿಯ, ಕೆಂಚ, ಟೈಗರ್ ಹೋಗಿ ಸಿಂಬಾ, ಬ್ರೂನೋ, ಚಿನ್ನು ಬಂದಿದ್ದಾರೆ. ಸಾಕಿದವರು ಅಪ್ಪ, ಅಮ್ಮ. ಅವರ ಹೆತ್ತವರು ಕೇಳದೇ ಅಜ್ಜ, ಅಜ್ಜಿ ಆಗಿದ್ದಾರೆ.

ಇದನ್ನು ನೋಡಿ ನಗೋರು ಜಾಸ್ತಿ. “ಹೆತ್ತೋರನ್ನ ನೋಡಲ್ಲ, ನಾಯಿಗೆ ಕೇಕ್ ಕಟ್ ಮಾಡ್ತಾರೆ” ಅನ್ನೋ ಮಾತು ಯಾವ ಮದುವೆ ಮನೆಗೆ ಹೋದರೂ ಕೇಳುತ್ತದೆ. ನನ್ನ ತಕರಾರು ಅದಲ್ಲ. ಪ್ರೀತಿ ಎಲ್ಲಿ ಸಿಕ್ಕರೂ ಸಿಗಲಿ. ಆದರೆ ಸಂಬಂಧದ ಹೆಸರು ಕೊಡೋದು ಪುಕ್ಕಟೆ. ನಮ್ಮಲ್ಲಿ ‘ಮನೆಯವನು’ ಅನ್ನಿಸಿಕೊಂಡವನಿಗೆ ಒಂದು ಜಾಗ ಇರುತ್ತದೆ, ಒಂದು ಪಾಲು ಇರುತ್ತದೆ, ಕೈಲಾಗದ ಕಾಲಕ್ಕೆ ಯಾರು ನೋಡಿಕೊಳ್ಳಬೇಕು ಅನ್ನೋ ಲೆಕ್ಕ ಇರುತ್ತದೆ. ನಾಯಿ ವಿಷಯದಲ್ಲಿ ಹೆಸರು ಬಂತು, ಲೆಕ್ಕ ಇನ್ನೂ ಬಂದಿಲ್ಲ.

ನಮ್ಮ ಅಜ್ಜನ ಊರು ಚಳ್ಳಕೆರೆ ಕಡೆ. ಕುರಿ, ಕಂಬಳಿಯ ಸೀಮೆ. ಅಲ್ಲಿ ನಾಯಿಗೆ ಕೆಲಸ ಇತ್ತು. ಹಟ್ಟಿಯಲ್ಲಿ ತೋಳ ಬರದ ಹಾಗೆ ಕುರಿ ಕಾಯೋದು, ಕಣದಲ್ಲಿ ರಾಶಿ ಕಾಯೋದು. ಮನೆಯೊಳಗೆ ಅದನ್ನು ಬಿಡುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಅಜ್ಜಿ ಪೊರಕೆ ಎತ್ತುತ್ತಿದ್ದಳು. ಅದೇ ಅಜ್ಜಿ ರಾತ್ರಿ ಮುದ್ದೆ ಕಟ್ಟುವಾಗ ಕೊನೆಯದೊಂದನ್ನು ಚಿಕ್ಕದಾಗಿ ಕಟ್ಟಿ ಬೇರೆ ಇಡುತ್ತಿದ್ದಳು. ನಾವು ಮಕ್ಕಳು ಅದಕ್ಕೆ ಕೈ ಹಾಕೋ ಹಾಗಿರಲಿಲ್ಲ. ಅಜ್ಜ ಕರಿಯನ ತಲೆ ಸವರಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಆದರೆ ವಯಸ್ಸಾಗಿ ಅದು ಕುಂಟಲು ಶುರು ಮಾಡಿದ ವರ್ಷ, ಕಣಕ್ಕೆ ಹೋಗುವಾಗ ಅಜ್ಜ ನಿಂತು ನಿಂತು ನಡೆಯುತ್ತಿದ್ದ. ಅಜ್ಜನ ಮಂಡಿಗೆ ಏನೂ ಆಗಿರಲಿಲ್ಲ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಅಲ್ಲ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುತ್ತಿದ್ದರು. ಕಜ್ಜಿ ಹತ್ತಿದ ನಾಯಿಗೆ ಕಲ್ಲೇ ಮದ್ದು. ನಾಯಿಪಾಡು, ನಾಯಿಬುದ್ಧಿ ಅನ್ನೋ ಮಾತುಗಳು ಸುಮ್ನೆ ಹುಟ್ಟಿದ್ದಲ್ಲ. ಮೇಲಿಂದ ಮೈಲಿಗೆ ಬೇರೆ.

ಆದರೂ ನಾಯಿಯನ್ನು ಗೌರವಿಸೋದು ಪಶ್ಚಿಮದಿಂದ ಬಂದ ಶೋಕಿ ಅಂದರೆ ಒಪ್ಪಲಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ. ಕಾಲ ಸುಮಾರು 949-50. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಒಡೆಯ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಪೂಜೆಯ ಹೊಣೆ ಹೊತ್ತ ಗೊರವ ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಅಂತಲೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ನನಗೆ ಹಿಡಿಸೋದು ಆ ಕೊನೆಯ ಮಾತು. ಮಣಲೇರ ಅತ್ತು ಸುಮ್ಮನಾಗಲಿಲ್ಲ. ತಾನು ಹೋದ ಮೇಲೂ ಆ ಕಲ್ಲನ್ನು ನೋಡಿಕೊಳ್ಳೋರು ಯಾರು, ಖರ್ಚು ಎಲ್ಲಿಂದ ಅನ್ನೋದನ್ನು ಕಲ್ಲಲ್ಲಿ ಕೆತ್ತಿಸಿದ.

ಗೊರವ ಅಂದಾಗ ನಮ್ಮ ಕಡೆಯವರಿಗೆ ಮೈಲಾರ ನೆನಪಾಗುತ್ತದೆ. ಕಂಬಳಿ ನಿಲುವಂಗಿ ತೊಟ್ಟ ಗೊರವಪ್ಪಗಳು ತಾವು ಮೈಲಾರಲಿಂಗನ ನಾಯಿಗಳು ಅನ್ನುತ್ತಾರೆ. ದೋಣಿ ಸೇವೆಯಲ್ಲಿ (ದೋಣಿ ಅಂದರೆ ಇಲ್ಲಿ ಪ್ರಸಾದ ಹಾಕೋ ಪಾತ್ರೆ) ನಾಯಿಯ ಹಾಗೆ ಬೊಗಳುತ್ತಾ, ಬಾಗಿ ದೋಣಿಗೇ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಒಂದು ಕಡೆ ಬೈಗುಳ, ಇನ್ನೊಂದು ಕಡೆ ದೇವರ ಸೇವೆ. ಎರಡೂ ನಮ್ಮದೇ.

ಈಗ ಬದಲಾಗಿದ್ದಾದರೂ ಏನು? ಮುಖ್ಯವಾಗಿ ಮನೆ. ದಾವಣಗೆರೆಯ 30-40 ಸೈಟಿನ ಮನೆಯಲ್ಲಿ ಹಿತ್ತಲಿಲ್ಲ, ಕಣ ಇಲ್ಲ, ಅಂಗಳಕ್ಕೂ ಟೈಲ್ಸ್. ಹೊರಗೆ ಜಾಗ ಇಲ್ಲದ ಮೇಲೆ ನಾಯಿ ಒಳಗೆ ಬರಲೇಬೇಕು. ಒಳಗೆ ನೋಡಿದರೆ ಮನುಷ್ಯರು ಕಡಿಮೆ. ಮಕ್ಕಳು ಓದಿ ಬೆಂಗಳೂರು, ಪುಣೆ ಸೇರಿದ್ದಾರೆ. ಉಳಿದವರು ಇಬ್ಬರು, ಕೆಲವು ಕಡೆ ಒಬ್ಬರೇ. ಎದುರುಮನೆ ನಾಯಿ ಬಂದದ್ದೂ ಹಾಗೆಯೇ. 2020ರ ಲಾಕ್‌ಡೌನ್‌ನಲ್ಲಿ ಮಗಳು, ಅಳಿಯ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಮರಿ ತಂದರು. ಆಫೀಸು ತೆರೆಯಿತು. ಯುಗಾದಿಗೆ ಕಾರಲ್ಲಿ ಕರೆತಂದು “ಒಂದು ವಾರ ಇರಲಿ ಅಮ್ಮ” ಅಂದರು. ಆ ಒಂದು ವಾರ ಇನ್ನೂ ಮುಗಿದಿಲ್ಲ. ಅಜ್ಜಿ ಮೊದಲು ಬೈದುಕೊಂಡರು, ದೇವರ ಕೋಣೆಗೆ ಅಡ್ಡ ಹಲಗೆ ಇಟ್ಟರು. ಹಲಗೆ ಈಗಲೂ ಇದೆ. ಅವನು ಅದರ ಮೇಲೆ ಗದ್ದ ಇಟ್ಟುಕೊಂಡು ಪೂಜೆ ಮುಗಿಯೋವರೆಗೆ ನೋಡುತ್ತಾನೆ.

ಈ ನೋಟಕ್ಕೂ ಒಂದು ವಿಜ್ಞಾನ ಇದೆ. 2015ರಲ್ಲಿ ಜಪಾನಿನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಯೂ ಸಾಕಿದವರೂ ಹೆಚ್ಚು ಹೊತ್ತು ಒಬ್ಬರ ಕಣ್ಣೊಬ್ಬರು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಏರುತ್ತದೆ ಅಂತ. ತಾಯಿ, ಕೂಸಿನ ನಂಟಲ್ಲಿ ಕೆಲಸ ಮಾಡೋದೂ ಅದೇ. ಕೈಯಲ್ಲಿ ಬೆಳೆಸಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ಹಾಗಾಗಿ ಅಜ್ಜಿಯ ‘ಅವನು’ ಬರೀ ಒಂಟಿತನದ ಹುಚ್ಚು ಅಲ್ಲ.

ಸರಿ, ಮನಸ್ಸು ಒಪ್ಪಿತು. ಕಾನೂನು? ಅದರ ಪುಸ್ತಕದಲ್ಲಿ ಅವನು ಇವತ್ತಿಗೂ ‘ಅದು’. ಸ್ವತ್ತು. ನಾಯಿಯನ್ನು ಕೊಂದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಕಠಿಣವೇ. ಆದರೆ ಆ ಕಲಂ ಇರೋದು ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಅಧ್ಯಾಯದಲ್ಲಿ. ಸಾಕಿದ ನಾಯಿಯನ್ನು ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ನಮ್ಮೂರಲ್ಲಿ ಆ ದುಡ್ಡಿಗೆ ನೆಟ್ಟಗೆ ಒಂದು ಬೆಣ್ಣೆ ದೋಸೆ ಬರೋದೂ ಕಷ್ಟ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳಿಗೂ ಘನತೆಯಿಂದ ಬದುಕೋ ಹಕ್ಕಿದೆ ಅಂದಿತ್ತು. ಮಾತು ದೊಡ್ಡದು, ದಂಡ ಮಾತ್ರ ಹಳೆಯದೇ.

ರೈಲಿನಲ್ಲೂ ಇದೇ ಕಥೆ. ನಾಯಿ ಜೊತೆ ಕೂತು ಹೋಗಬೇಕು ಅಂದರೆ ಎಸಿ ಫಸ್ಟ್ ಕ್ಲಾಸಿನ ಇಬ್ಬರ ಕೂಪೆಯೋ ನಾಲ್ವರ ಕ್ಯಾಬಿನ್ನೋ ಇಡಿಯಾಗಿ ನಿಮ್ಮದಾಗಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಬಾಡಿಗೆ ಮನೆ ಹುಡುಕೋರಿಗೆ ಇನ್ನೊಂದು ಪ್ರಶ್ನೆ. “ವೆಜ್ಜಾ, ನಾನ್‌ವೆಜ್ಜಾ?” ಆದ ಮೇಲೆ “ನಾಯಿ ಗೀಯಿ ಇಲ್ವಲ್ಲ?” ಅಪಾರ್ಟ್‌ಮೆಂಟುಗಳು ಸಾಕುನಾಯಿಯನ್ನು ಬಹುಮತದಿಂದಲೂ ನಿಷೇಧಿಸೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ದಾವಣಗೆರೆಯಲ್ಲಿ ಬಹಳಷ್ಟು ಬಾಡಿಗೆ ಮನೆಗಳು ಓನರ್ ಮನೆಯ ಮೇಲಿನ ಮಹಡಿ. ಅಲ್ಲಿ ಮಂಡಳಿಯ ಸುತ್ತೋಲೆ ಓದೋರು ಯಾರು?

ಕಾನೂನು ನಿಧಾನ ಅಂತ ಬೈಯೋದು ಸುಲಭ. ಮನೆಯೊಳಗೆ ನಾವು ಮಾಡೋ ತಪ್ಪೇ ಅದಕ್ಕಿಂತ ಜಾಸ್ತಿ. ತಪ್ಪಿನ ಬೇರು ‘ಮಗು’ ಅನ್ನೋ ಪದದಲ್ಲೇ ಇದೆ. ಮಗು ಅಂದ ಮೇಲೆ ನಾವು ತಿನ್ನೋದನ್ನು ಅದಕ್ಕೂ ಕೊಡದೆ ಇರಲಾಗದು, ಅಲ್ವಾ? ಭಾನುವಾರ ಬೆಣ್ಣೆ ದೋಸೆ ಪಾರ್ಸಲ್ ಬರುತ್ತದೆ. ಪೇಪರ್ ಬಿಚ್ಚಿದ ತಕ್ಷಣ ಬೆಣ್ಣೆ ವಾಸನೆಗೆ ಅವನು ಮೇಜಿನ ಕೆಳಗೆ ಹಾಜರ್. ಅರ್ಧ ದೋಸೆ, ಒಂದಿಷ್ಟು ಪಲ್ಯ. ಆ ಆಲೂಗಡ್ಡೆ ಪಲ್ಯದಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅಷ್ಟೇ. ಒಂದು ತುತ್ತಿಗೆ ಏನೂ ಕಾಣೋದಿಲ್ಲ, ಅದಕ್ಕೇ ನಾವು ನಂಬೋದಿಲ್ಲ. ದಿನಾ ಸಾರನ್ನ ಕಲಸಿ ಹಾಕೋ ಮನೆಯಲ್ಲಿ ನಾಯಿ ಸುಸ್ತಾಗಿ, ವಸಡು ಬೆಳ್ಳಗಾದಾಗ “ಬಿಸಿಲಿಗೆ ಹಾಗಾಗಿದೆ” ಅನ್ನುತ್ತೇವೆ. ಬೆಣ್ಣೆಯದು ಇನ್ನೊಂದು ಕಥೆ. ಒಮ್ಮೆಲೇ ಅಷ್ಟು ಜಿಡ್ಡು ಹೊಟ್ಟೆಗೆ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ವಾಂತಿ ಮಾಡುತ್ತಾ, ಹೊಟ್ಟೆನೋವಿಗೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಲ್ಲುತ್ತದೆ. ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಹುಟ್ಟುಹಬ್ಬದ ಚಾಕೊಲೇಟ್ ಕೇಕ್ ಹೃದಯಕ್ಕೆ ಕೇಡು. ಬೇಯಿಸಿದ ಕೋಳಿ ಮೂಳೆ ಸೀಳಿ ಸೂಜಿಯಾಗಿ ಕರುಳಿಗೆ ಚುಚ್ಚುತ್ತದೆ. ನಮ್ಮಜ್ಜಿಯ ಆ ಚಿಕ್ಕ ಮುದ್ದೆಯೇ ವಾಸಿಯಿತ್ತು. ಬರೀ ಮುದ್ದೆ ಸಾಕಾಗೋದಿಲ್ಲ, ನಾಯಿಗೆ ಮಾಂಸ, ಮೊಟ್ಟೆಯ ಸಾರವೂ ಬೇಕು. ಆದರೆ ಅದು ನಾಯಿಗೆ ಅಂತಲೇ ಬೇರೆ ತೆಗೆದಿಟ್ಟ ಪಾಲು.

ಜಾಗದ ವಿಷಯಕ್ಕೂ ಹೀಗೇ. ಊರಲ್ಲಿ ಈಗ ಹಸ್ಕಿ ಕಾಣುತ್ತವೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ತಳಿ, ಮೈಮೇಲೆ ಎರಡು ಪದರ ಕೂದಲು. ಅದನ್ನು ತಂದು ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಟೆರೇಸ್ ಮೇಲೆ ಕಟ್ಟುತ್ತಾರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಮೂಗು ಚಪ್ಪಟೆಯಿರೋ ಪಗ್‌ಗೆ ಅದೂ ಕಷ್ಟ. ಮಧ್ಯಾಹ್ನ ವಾಕಿಂಗ್ ಕರೆದೊಯ್ಯೋ ಮುಂಚೆ ನಿಮ್ಮ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು. ಹಾಗಂತ ನಮ್ಮದೇ ತಳಿ ಅಂತ ಮುಧೋಳ ನಾಯಿ ತಂದು ಮೂರಡಿ ಸರಪಳಿಗೆ ಬಿಗಿದರೂ ಅನ್ಯಾಯವೇ. ಬಿಸಿಲು ತಡೆಯುತ್ತದೆ, ಆದರೆ ಅದು ಓಡಲು ಹುಟ್ಟಿದ ನಾಯಿ. ಅತ್ತ ಹಸ್ಕಿ, ಇತ್ತ ಮುಧೋಳ, ಎಲ್ಲ ಬಿಟ್ಟು ಬೀದಿಯ ಮರಿಯೊಂದನ್ನು ತಂದು ಸಾಕಿದವರು ನಮ್ಮ ಬಡಾವಣೆಯಲ್ಲಿ ಒಂದೇ ಮನೆಯವರು. ಆ ನಾಯಿ ಎಲ್ಲಕ್ಕಿಂತ ಗಟ್ಟಿಯಾಗಿದೆ.

ಎಲ್ಲಕ್ಕಿಂತ ಅಪಾಯದ ತಪ್ಪು ರೇಬಿಸ್ ವಿಷಯದ್ದು. “ನಮ್ಮ ನಾಯಿ ಅಲ್ವಾ, ಆಟ ಆಡ್ತಾ ಗೀರಿದೆ ಅಷ್ಟೇ.” ಮನೆಯವನು ಅನ್ನೋ ನಂಬಿಕೆಯೇ ಇಲ್ಲಿ ಮುಳುವು. ಬೀದಿನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡೋರು, ಮನೆಗೆ ತಂದ ಎರಡು ತಿಂಗಳ ಮರಿಯ ಹಲ್ಲು ತಾಗಿದರೆ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. ಆ ಮರಿಗೆ ಲಸಿಕೆ ಹಾಕೋ ವಯಸ್ಸೇ ಆಗಿರುವುದಿಲ್ಲ. ಮೊದಲ ರೇಬಿಸ್ ಲಸಿಕೆ ಸುಮಾರು ಮೂರು ತಿಂಗಳಿಗೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮನುಷ್ಯನಾಗಲಿ, ನಾಯಿಯಾಗಲಿ ಬದುಕೋದಿಲ್ಲ ಅಂತಲೇ ತಿಳಿಯಬೇಕು. ಮಾಡಬೇಕಾದ್ದು ಸರಳ. ಗಾಯವನ್ನು ನಲ್ಲಿ ನೀರಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದೂ ಬೇಡ. ಆ ದಿನವೇ ಲಸಿಕೆ ಶುರು ಮಾಡಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೊಬುಲಿನ್ ಅನ್ನೋ ಇನ್ನೊಂದು ಚುಚ್ಚುಮದ್ದೂ ಬೇಕು. ನಾಯಿಯನ್ನು 10 ದಿನ ಗಮನಿಸಿ, ಆದರೆ ಅಷ್ಟು ದಿನ ಲಸಿಕೆಗೆ ಕಾಯಬೇಡಿ. ಹಿರಿಯರು ಇನ್ನೂ “ಹೊಕ್ಕುಳ ಸುತ್ತ 14 ಇಂಜೆಕ್ಷನ್” ಅಂತ ಹೆದರಿಸುತ್ತಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿಗೆ, ನಾಲ್ಕೈದು ಸಲ. ಕರ್ನಾಟಕದಲ್ಲಿ 2022ರಿಂದ ರೇಬಿಸ್ ಪ್ರಕರಣವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕು.

2025ರಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಮೇಲಿಂದ ಮೇಲೆ ಆದೇಶ ಕೊಟ್ಟಾಗ ಊರೆಲ್ಲ ಎರಡು ಪಕ್ಷ ಆಯಿತು. ನವೆಂಬರ್ 7ರ ಆದೇಶವಂತೂ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಿಂದ ನಾಯಿಗಳನ್ನು ಹಿಡಿದು ಬೇರೆಡೆ ಇಡಿ, ಅದೇ ಜಾಗಕ್ಕೆ ಮತ್ತೆ ಬಿಡಬೇಡಿ ಅಂದಿತು. ಹಿಡೀಬೇಕು, ಬಿಡಬೇಕು ಅಂತ ಟೀ ಅಂಗಡಿ ಮುಂದೆ ಜಗಳ. ಆ ಬೀದಿನಾಯಿಗಳಲ್ಲಿ ನಮ್ಮ ಮನೆಗಳಿಂದ ಹೋದವು ಎಷ್ಟು ಅಂತ ಯಾರೂ ಕೇಳಲಿಲ್ಲ. ಸಂತಾನಹರಣ ಮಾಡಿಸದ ಸಾಕುನಾಯಿ ಒಂದು ರಾತ್ರಿ ಗೇಟು ದಾಟಿದರೆ ಸಾಕು. “ಪಾಪ, ಅದಕ್ಕೂ ಒಂದು ಸಲ ಮರಿ ಆಗಲಿ” ಅನ್ನೋ ಕನಿಕರದಲ್ಲಿ ಹುಟ್ಟಿದ ಆರು ಮರಿಗಳಲ್ಲಿ ಎರಡಕ್ಕೆ ಮನೆ ಸಿಕ್ಕರೆ ದೊಡ್ಡದು.

ಅಕ್ಕಪಕ್ಕದವರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆದವರಿಗೆ ಎಲ್ಲ ಗೊತ್ತು. ಹಗ್ಗ ಬಿಚ್ಚಿ ಬಿಟ್ಟು “ಏನೂ ಮಾಡಲ್ಲ ಬರ್ರಿ” ಅನ್ನೋರು, ಗಲೀಜು ಮಾಡಿಸಿ ಆಕಾಶ ನೋಡೋರು. ಮನೆ ಮಗ ಆಗಿದ್ದರೆ ನಡುಬೀದೀಲಿ ಕೂರಿಸ್ತಿದ್ರಾ?

ಕಾಯಿಲೆ ಬಿದ್ದಾಗ ಇನ್ನೊಂದು ಸತ್ಯ ಕಾಣುತ್ತದೆ. ನಮ್ಮಲ್ಲಿ ಪಶು ಆಸ್ಪತ್ರೆಗೆ ಈಗಲೂ ದನದ ಆಸ್ಪತ್ರೆ ಅಂತಲೇ ಹೆಸರು. ಕಟ್ಟಿದ್ದೂ ದನ, ಎಮ್ಮೆ, ಕುರಿಗೆ. ಅಲ್ಲಿ ಹೊಟ್ಟೆ ಉಬ್ಬರಿಸಿದ ಎಮ್ಮೆಯ ಪಕ್ಕ ಪಗ್ ಎತ್ತಿಕೊಂಡು ನಿಂತವರನ್ನು ನೋಡಿ ರೈತರು ಮುಸಿಮುಸಿ ನಗುತ್ತಾರೆ. ಉಣ್ಣಿ ಜ್ವರ ಬಂದರೆ ರಕ್ತ ಪರೀಕ್ಷೆ, ಡ್ರಿಪ್ಪು, ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರಗಳ ಲೆಕ್ಕ. ಮರಿ ಕೊಳ್ಳೋವಾಗ ಚೌಕಾಸಿ ಮಾಡಿದ ಮನೆಗಳಲ್ಲಿ ಈ ಬಿಲ್ಲು ಬಂದಾಗ ‘ಅವನು’ ಮತ್ತೆ ‘ಅದು’ ಆಗೋದನ್ನು ನಾನು ಕಿವಿಯಾರೆ ಕೇಳಿದ್ದೇನೆ. “ಅದಕ್ಕೆ ಇನ್ನೆಷ್ಟು ಅಂತ ಸುರಿಯೋದು?”

ಕೊನೆಗೆ ಆ ಹಳೆಯ ಲೆಕ್ಕ. ಮುಂದೆ ಯಾರು? 2024ರಲ್ಲಿ ತೀರಿಕೊಂಡ ರತನ್ ಟಾಟಾ ತಮ್ಮ ಉಯಿಲಿನಲ್ಲಿ ನಾಯಿ ಟಿಟೊ ಆರೈಕೆಗೂ ವ್ಯವಸ್ಥೆ ಮಾಡಿದ್ದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನಾಯಿ ಹೆಸರಿಗೆ ನೇರವಾಗಿ ಆಸ್ತಿ ಬರೆಯಲು ನಮ್ಮಲ್ಲಿ ಬರೋದಿಲ್ಲ. ನೋಡಿಕೊಳ್ಳೋ ಮನುಷ್ಯನೊಬ್ಬನನ್ನು ಒಪ್ಪಿಸಿ, ಅವನಿಗೆ ದುಡ್ಡು ಬಿಡಬೇಕು. ನಮ್ಮ ಬೀದಿಗಳಲ್ಲಿ ಉಯಿಲೇ ಬರೆಯೋದಿಲ್ಲ, ಇನ್ನು ನಾಯಿಯದೆಲ್ಲಿ?

ಎದುರುಮನೆ ಅಜ್ಜಿಗೆ 76. ಲ್ಯಾಬ್ರಡಾರ್ ಬದುಕೋದು ಸಾಮಾನ್ಯವಾಗಿ 10ರಿಂದ 12 ವರ್ಷ, ಅಂದರೆ ಇವನಿಗೆ ಇನ್ನೂ ಅರ್ಧ ಆಯಸ್ಸಿದೆ. ಹೋದ ತಿಂಗಳು ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಎಂಟು ದಿನ ಅವನು ನಮ್ಮ ಮನೆಯಲ್ಲಿದ್ದ. ಮೊದಲ ಎರಡು ದಿನ ಊಟ ಮುಟ್ಟದೆ ಗೇಟಿನ ಹತ್ತಿರ ಮಲಗಿದ್ದ. ಮೂರನೇ ದಿನ ನನ್ನ ಚಪ್ಪಲಿ ಕಡಿದ. ವಾಪಸ್ ಕರೆದೊಯ್ಯಲು ಬಂದ ಮಗಳು ಗೇಟಲ್ಲಿ ನಿಂತು, ಅಜ್ಜಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು, “ಅಣ್ಣಾ, ನಾಳೆ ಅಮ್ಮಂಗೆ ಏನಾದ್ರೂ ಆದ್ರೆ... ಬೆಂಗಳೂರಲ್ಲಿ ನಮ್ಮಿಬ್ಬರಿಗೂ ಆಫೀಸು. ನೀವು ಇವನ್ನ ಇಟ್ಕೊಳ್ತೀರಾ?”

ನೋಡೋಣ ಅಂದೆ. ಮನೆಯಲ್ಲಿ ಇನ್ನೂ ಮಾತಾಡಿಲ್ಲ.